ಒಂಬತ್ತು ಜನ, ನಾಲ್ಕು ವೋಟು

ಅಮೆರಿಕದ ಒಂಬತ್ತು ಜನರ ರ್‍ಯಾಪ್ ಗುಂಪು ವೂ-ಟ್ಯಾಂಗ್ ಕ್ಲ್ಯಾನ್‌ನಲ್ಲಿ ನಿನಗೆ ಯಾರು ಇಷ್ಟ ಅಂತ ಯಾರನ್ನೂ ಕೇಳಬಾರದು. ಕೇಳಿದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬಾರದು. ನಾನು ಎರಡೂ ತಪ್ಪು ಮಾಡಿದೆ.

ನಾವು ನಾಲ್ಕು ಜನ. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೆ ನಮ್ಮನ್ನು ಬಿಟ್ಟಿಲ್ಲ. ಪುಟ್ಟಿ ಎಲ್ಲರಿಗಿಂತ ಚಿಕ್ಕವಳು, ದನಿ ಮಾತ್ರ ಎಲ್ಲರಿಗಿಂತ ದೊಡ್ಡದು. ಇನ್ನೊಬ್ಬ ಮೌನಿ. ಅವನ ಬಗ್ಗೆ ಅಷ್ಟೇ.

"ಮೆಥಡ್ ಮ್ಯಾನ್," ಅಂದಳು ಪುಟ್ಟಿ. "ಚರ್ಚೆ ಮುಗಿಯಿತು, ಎಲ್ಲರೂ ಏಳಿ."

"ಅದು ಮುಖ ನೋಡಿ ಹಾಕಿದ ವೋಟು," ಅಂದರು ಮೇಷ್ಟ್ರು.

"ಗ್ರ್ಯಾಮಿ ಏನು ಮುಖ ನೋಡಿ ಕೊಡ್ತಾರಾ? ಮೇರಿ ಜೆ. ಬ್ಲೈಜ್ ಜೊತೆ ಮಾಡಿದ ಹಾಡಿಗೆ 1996ರಲ್ಲಿ ಬಂತು. 1993ರ ಮೊದಲ ಆಲ್ಬಮ್ ತೆಗೆದು ನೋಡಿ. ಒಂಬತ್ತು ಜನರಲ್ಲಿ ತನ್ನ ಹೆಸರಿನದೇ ಹಾಡು ಇರೋದು ಅವನೊಬ್ಬನಿಗೆ."

"ಹೆಸರು ಕೂಗಿಕೊಳ್ಳೋದು ದೊಡ್ಡದಲ್ಲಮ್ಮ. ಜಿಜಾನ್ನ ನೋಡು. ಗುಂಪಿಗೇ ಹಿರಿಯ. ಒಂದು ಪದ ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. 1995ರ ಅವನ ಆಲ್ಬಮ್ ಲಿಕ್ವಿಡ್ ಸ್ವೋರ್ಡ್ಸ್ ಕೇಳು, ಸಾಲು ಸಾಲೂ ಅಳೆದು ಕತ್ತರಿಸಿದ ಹಾಗಿದೆ."

"ಕವರ್ ಮೇಲೆ ಚೆಸ್ ಬೋರ್ಡ್ ಬೇರೆ. ಕೇಳೋಕೆ ಕೂತರೆ ಪರೀಕ್ಷೆಗೆ ಕೂತ ಹಾಗಾಗುತ್ತೆ, ಮೇಷ್ಟ್ರೇ."

ಇದರ ಮಧ್ಯೆ ನಾನು ಮೆಲ್ಲಗೆ ಇನ್‌ಸ್ಪೆಕ್ಟಾ ಡೆಕ್ ಅಂದೆ. ಇಬ್ಬರೂ ನನ್ನ ಕಡೆ ತಿರುಗಿ, ಜ್ವರ ಬಂದವನನ್ನು ನೋಡುವ ಹಾಗೆ ನೋಡಿದರು. ಡೆಕ್‌ನನ್ನು ಮೆಚ್ಚುವವರ ಪಾಡೇ ಇಷ್ಟು. ಅವನು ಚೆನ್ನಾಗಿಲ್ಲ ಅಂತ ಯಾರೂ ಹೇಳುವುದಿಲ್ಲ. "ಹೌದು ಹೌದು, ಅವನೂ" ಅಂತ ಹೇಳಿ ಮುಂದೆ ಹೋಗುತ್ತಾರೆ. ಗುಂಪಿನ 1997ರ ಟ್ರಯಂಫ್ ಹಾಡಿನಲ್ಲಿ ಮೊದಲ ಚರಣ ಅವನದೇ. ಅವನು ಹೇಳಿ ಮುಗಿಸಿದ ಮೇಲೆ ಉಳಿದವರೆಲ್ಲ ಯಾಕಾದರೂ ಬಂದೆವೋ ಅನ್ನಬೇಕು. ಇಂಥವನ ಸ್ವಂತ ಆಲ್ಬಮ್ ಬರಲು 1999 ಆಯಿತು. ಯಾಕೆ? ಗುಂಪಿಗೆ ಬೀಟ್, ಅಂದರೆ ಹಾಡಿನ ಹಿಂದಿನ ಸಂಗೀತ, ಮಾಡುತ್ತಿದ್ದ ರಿಜಾ ಮನೆಯ ನೆಲಮಾಳಿಗೆಗೆ ನೀರು ನುಗ್ಗಿ ನೂರಾರು ಬೀಟ್ ಹಾಳಾದವು. ಅದರಲ್ಲಿ ಡೆಕ್‌ಗೆ ಅಂತ ಇಟ್ಟಿದ್ದೂ ಹೋಯಿತು.

"ಇಟ್ಟವನು ಯಾರು? ರಿಜಾ," ಅಂದರು ಮೇಷ್ಟ್ರು, ನನ್ನ ದುಃಖದ ಮೇಲೆ ಕಾಲಿಟ್ಟು ಮುಂದೆ ಹೋಗುತ್ತಾ. "ಇವರೆಲ್ಲ ಬೊಂಬೆಗಳು ಕಣಯ್ಯಾ. ಆಡಿಸಿದವನು ಅವನು. ಐದು ವರ್ಷ ನಾನು ಹೇಳಿದ ಹಾಗೆ ಕೇಳಿ ಅಂತ ಎಲ್ಲರನ್ನೂ ಒಪ್ಪಿಸಿದ. ಗುಂಪಿಗೆ ಲೌಡ್ ಅನ್ನೋ ರೆಕಾರ್ಡ್ ಕಂಪನಿ. ಆದರೆ ಒಬ್ಬೊಬ್ಬರೂ ತಮ್ಮ ಆಲ್ಬಮ್‌ಗೆ ಬೇರೆ ಕಂಪನಿಗೆ ಹೋಗಬಹುದು. ಮೆಥಡ್ ಮ್ಯಾನ್ ಡೆಫ್ ಜಾಮ್‌ಗೆ, ಜಿಜಾ ಗೆಫೆನ್‌ಗೆ, ಓಡಿಬಿ, ಅಂದರೆ ಓಲ್ ಡರ್ಟಿ ಬಾಸ್ಟರ್ಡ್, ಎಲೆಕ್ಟ್ರಾಗೆ. ಹೋದ ಕಡೆಯಲ್ಲೆಲ್ಲ ಬೀಟ್ ಮಾತ್ರ ರಿಜಾದೇ."

ಇದು ನಿಜ, ಒಪ್ಪಬೇಕು. ಹಳೇ ಸೋಲ್ ಹಾಡಿನ ಒಂದು ಚೂರು ತೆಗೆದು, ಅದರ ಮೈಗೆ ಇನ್ನಷ್ಟು ದೂಳು ಹಚ್ಚಿ, ಮಧ್ಯೆ ಕುಂಗ್‌ಫೂ ಸಿನಿಮಾದ ಕತ್ತಿ ಸದ್ದು ಸೇರಿಸಿಬಿಟ್ಟ. ತಮ್ಮ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಅನ್ನು ಚೀನಾದ ಕುಂಗ್‌ಫೂ ಮಠದ ಹೆಸರಿಟ್ಟು ಶಾವೊಲಿನ್ ಅಂತ ಕರೆದರೂ ಯಾರೂ ನಗಲಿಲ್ಲ ಅಂದರೆ, ಅದಕ್ಕೆ ಆ ಸದ್ದೇ ಕಾರಣ.

ಪುಟ್ಟಿ ಸುಮ್ನೆ ಬಿಡುವವಳಲ್ಲ. "ಎಲ್ಲಾ ರಿಜಾದೇ ಅಲ್ಲ. ಓಡಿಬಿಯ ಬ್ರೂಕ್ಲಿನ್ ಜೂ ಹಾಡಿನ ಬೀಟ್ ಯಾರದು? ಟ್ರೂ ಮಾಸ್ಟರ್‌ದು. ಇನ್ನು ನಿಮ್ಮ ಲಿಕ್ವಿಡ್ ಸ್ವೋರ್ಡ್ಸ್ ಸಿಡಿಯ ಕೊನೇ ಹಾಡಿನ ಬೀಟ್ ಯಾರದು?"

ಮೇಷ್ಟ್ರು ಕನ್ನಡಕ ಒರೆಸತೊಡಗಿದರು.

"ಫೋರ್ತ್ ಡಿಸೈಪಲ್‌ದು. ಅದನ್ನು ಹೇಳಿರೋದು ಕಿಲ್ಲಾ ಪ್ರೀಸ್ಟ್. ಅಂದರೆ ರಿಜಾ ಬೀಟೂ ಇಲ್ಲ, ಜಿಜಾ ದನಿಯೂ ಇಲ್ಲ!"

"ಸಿಡಿ ಕೊನೆವರೆಗೂ ಯಾರು ಕೇಳ್ತಾರೆ," ಅಂದರು ಮೇಷ್ಟ್ರು. ಹತ್ತು ನಿಮಿಷದ ಹಿಂದೆ ಸಾಲು ಸಾಲೂ ಕೇಳು ಅಂದಿದ್ದವರು ಇವರೇ. ನಾನು ಮ್ಯಾಥಮ್ಯಾಟಿಕ್ಸ್ ಹೆಸರು ಎತ್ತಿದೆ. ಅವನು ಗುಂಪಿಗೆ ಬೀಟೂ ಮಾಡಿದ, ಗುಂಪಿನ ಆ ಡಬ್ಲ್ಯೂ ಚಿಹ್ನೆಯನ್ನೂ ಬರೆದ. ಟೀ ಶರ್ಟ್ ಮೇಲೆ ಆ ಚಿಹ್ನೆ ಹಾಕಿಕೊಂಡು ಓಡಾಡುವವರಲ್ಲಿ ಹಾಡು ಎಷ್ಟು ಜನ ಕೇಳಿದ್ದಾರೋ! ಇದಕ್ಕೂ "ಹೌದು ಹೌದು, ಅವನೂ" ಅಂದರು.

ವಿಚಿತ್ರ ಏನೆಂದರೆ ಓಡಿಬಿಗೆ ಯಾರ ವೋಟೂ ಬೀಳಲಿಲ್ಲ. ಆದರೆ ಅಷ್ಟು ಹೊತ್ತೂ ಮೂವರೂ ಅನುಕರಣೆ ಮಾಡಿದ್ದು ಅವನದೇ ದನಿ. ಅರ್ಧ ಹಾಡು, ಅರ್ಧ ಅಳು, ಒಂದಿಷ್ಟು ಬೈಗುಳ. ಮೇಷ್ಟ್ರು ಮಾಡಿದಾಗಂತೂ ಬೆಕ್ಕಿನ ಬಾಲ ತುಳಿದ ಹಾಗಿತ್ತು. 36 ಚೇಂಬರ್ಸ್ ಅನ್ನೋ ಮೊದಲ ಆಲ್ಬಮ್‌ನಿಂದ ಶುರು ಮಾಡಿದ ಆ ಮನುಷ್ಯ, 2004ರ ನವೆಂಬರ್‌ನಲ್ಲಿ, 36 ವರ್ಷ ತುಂಬಲು ಎರಡು ದಿನ ಇರುವಾಗ ಹೋದ. ಪುಟ್ಟಿ ಕೂಡ ಒಂದು ನಿಮಿಷ ಸುಮ್ಮನಿದ್ದಳು. ಒಂದೇ ನಿಮಿಷ.

"ಮೂರು ವೋಟು, ಮೂರು ದಿಕ್ಕು. ಮೌನಿ, ನೀನು ಹೇಳಪ್ಪಾ," ಅಂದರು ಮೇಷ್ಟ್ರು.

ಮೌನಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.

"ಇವನು ಮಾಸ್ಟಾ ಕಿಲ್ಲಾ ಕಡೆಯವನು," ಅಂದೆ. "ಮೊದಲ ಆಲ್ಬಮ್ ಪೂರ್ತಿಗೆ ಒಂದೇ ಒಂದು ಸಲ ಬಾಯಿ ಬಿಟ್ಟವನು."

"ಅಲ್ಲ, ಇವನು ಕಿಲ್ಲಾ ಪ್ರೀಸ್ಟ್," ಅಂದಳು ಪುಟ್ಟಿ. ಆ ಒಂದು ಜಾಗಕ್ಕೆ ಅವರಿಬ್ಬರ ಮಧ್ಯೆ ಪೈಪೋಟಿ ಇತ್ತಂತೆ. ಮಾಸ್ಟಾ ಕಿಲ್ಲಾ ರಾತ್ರಿಯೆಲ್ಲ ಕೂತು ಬರೆದ, ಪ್ರೀಸ್ಟ್ ನಿದ್ದೆ ಹೋದ ಅಂತ ಕಥೆ. "ನಿದ್ದೆ ಮಾಡಿದವನ ವೋಟು ಲೆಕ್ಕಕ್ಕಿಲ್ಲ. ಇನ್ನೊಂದು ಸುತ್ತು ಬೇಡ, ಮೆಥಡ್ ಮ್ಯಾನೇ ಗೆದ್ದ. ನಾನು ಹೊರಟೆ."

ಮೇಷ್ಟ್ರೂ ಎದ್ದರು. ನಾನು ಚಪ್ಪಲಿ ಹುಡುಕುತ್ತಿದ್ದೆ. ಆಗ ಮೌನಿ ಒಂದು ಕಣ್ಣು ತೆರೆದ.

"ಆಗಿನಿಂದ ಒಂಬತ್ತು ಜನ, ಒಂಬತ್ತು ಜನ ಅಂತಿದ್ದೀರಲ್ಲ. ಕ್ಯಾಪಡೋನಾನ್ನ ಸೇರಿಸ್ತೀರೋ, ಬಿಡ್ತೀರೋ?"

"ಮೊದಲ ಆಲ್ಬಮ್‌ನಲ್ಲೇ ಇಲ್ಲ, ಬಿಡೋದೇ," ಅಂದರು ಮೇಷ್ಟ್ರು.

"ಗೋಸ್ಟ್‌ಫೇಸ್‌ನ ಐರನ್‌ಮ್ಯಾನ್ ಆಲ್ಬಮ್ ಕವರ್ ಮೇಲೆ ಅವನ ಜೊತೆ ಇರೋದು ಯಾರು ಹಾಗಾದ್ರೆ?" ಅಂದಳು ಪುಟ್ಟಿ, ಬ್ಯಾಗು ಕೆಳಗಿಟ್ಟು.

ಮೌನಿ ಮತ್ತೆ ಕಣ್ಣು ಮುಚ್ಚಿದ. ನಾನು ಚಪ್ಪಲಿ ಬಿಟ್ಟು ವಾಪಸ್ ಬಂದು ಕೂತೆ.