ಹಿಲ್ ಅವರನ್ನು ಬಿಟ್ಟುಕೊಟ್ಟ ತಂಡ ಗೆದ್ದದ್ದು ಹೇಗೆ? ಎನ್‌ಎಫ್‌ಎಲ್ ತಂಡ ಕಟ್ಟುವ ಲೆಕ್ಕಾಚಾರ

ಪ್ರಶ್ನೆ: ಡಲ್ಲಾಸ್ ವಾಸಿ

ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಅನ್ನು ಕೆಲವು ವರ್ಷಗಳಿಂದ ನೋಡುತ್ತಿದ್ದರೂ ತಂಡ ಕಟ್ಟುವ ಬಗೆ ನನಗೆ ಇನ್ನೂ ಅರ್ಥವಾಗಿಲ್ಲ. ಕಾನ್ಸಾಸ್ ಸಿಟಿ ಚೀಫ್ಸ್ 2022ರ ಮಾರ್ಚ್‌ನಲ್ಲಿ ಮಿಂಚಿನ ವೇಗದ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವ ಆಟಗಾರ) ಟೈರೀಕ್ ಹಿಲ್ ಅವರನ್ನು ಐದು ಡ್ರಾಫ್ಟ್ ಆಯ್ಕೆಗಳಿಗೆ (ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಸರದಿಯಂತೆ ಆರಿಸುವ ಹಕ್ಕುಗಳಿಗೆ) ಬದಲಾಗಿ ಮಯಾಮಿಗೆ ಬಿಟ್ಟುಕೊಟ್ಟಿತು. ಮರುವರ್ಷದ ಫೆಬ್ರವರಿಯಲ್ಲಿ ಅದೇ ತಂಡ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಅಂಥ ಆಟಗಾರನನ್ನು ಕಳೆದುಕೊಂಡೂ ತಂಡ ಬಲವಾಗಿ ಉಳಿಯುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಕ್ಯಾಪ್ ಲೆಕ್ಕಿಗ

ಐಪಿಎಲ್ ಹರಾಜಿನಂತೆ ಇಲ್ಲಿಯೂ ಹಣಕ್ಕೆ ಮಿತಿಯುಂಟು. 2025ರಲ್ಲಿ ಅದು ಪ್ರತಿ ತಂಡಕ್ಕೆ 27.92 ಕೋಟಿ ಡಾಲರ್; ಅದರಲ್ಲೇ 53 ಆಟಗಾರರನ್ನು ಇಟ್ಟುಕೊಳ್ಳಬೇಕು. ಹಾಗಾಗಿ ಆಟಗಾರನ ಹೆಸರಿಗಿಂತ ಕೊಟ್ಟ ಹಣಕ್ಕೆ ಎಷ್ಟು ಆಟ ಸಿಗುತ್ತದೆ ಎಂಬುದೇ ಮುಖ್ಯ. ಡ್ರಾಫ್ಟ್‌ನಲ್ಲಿ ಬಂದ ಹುಡುಗರ ಸಂಬಳವು 2011ರಿಂದ ಆಯ್ಕೆಯ ಕ್ರಮಾಂಕಕ್ಕೆ ತಕ್ಕಂತೆ ನಾಲ್ಕು ವರ್ಷ ಕಟ್ಟುಪಾಡಿನಲ್ಲಿರುವುದರಿಂದ, ಅವರಲ್ಲೊಬ್ಬ ಚೆನ್ನಾಗಿ ಆಡಿದರೆ ಉಳಿದ ಹಣ ಬೇರೆ ಸ್ಥಾನಗಳಿಗೆ ಒದಗುತ್ತದೆ. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಆಯ್ಕೆಯಾಗಿದ್ದ ಬ್ರಾಕ್ ಪರ್ಡಿ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು 2024ರ ಸೂಪರ್ ಬೌಲ್‌ವರೆಗೆ ಒಯ್ದಾಗ ಅವರ ವಾರ್ಷಿಕ ಸಂಬಳ ಹತ್ತು ಲಕ್ಷ ಡಾಲರನ್ನೂ ಮುಟ್ಟಿರಲಿಲ್ಲ. 2025ರಲ್ಲಿ ಅವರೇ ಐದು ವರ್ಷಕ್ಕೆ 26.5 ಕೋಟಿಯ ಒಪ್ಪಂದಕ್ಕೆ ಸಹಿ ಹಾಕಿದರು.

ಹಿಲ್ ಅವರಿಗೆ ಮಯಾಮಿ ಕೊಟ್ಟ ಒಪ್ಪಂದ ನಾಲ್ಕು ವರ್ಷಕ್ಕೆ 12 ಕೋಟಿಯದು. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಅವರಿಗೆ ಆಗಲೇ ದೊಡ್ಡ ಮೊತ್ತ ಕೊಡುತ್ತಿದ್ದ ಚೀಫ್ಸ್, ಮಯಾಮಿಯಿಂದ ಬಂದ ಮೊದಲ ಸುತ್ತಿನ ಆಯ್ಕೆಯ ಜೊತೆ ಇನ್ನೆರಡನ್ನು ಸೇರಿಸಿ 21ನೆಯ ಸ್ಥಾನಕ್ಕೇರಿ ಎದುರಾಳಿ ರಿಸೀವರ್‌ಗಳನ್ನು ತಡೆಯುವ ಕಾರ್ನರ್‌ಬ್ಯಾಕ್ ಟ್ರೆಂಟ್ ಮೆಕ್‌ಡಫಿ ಅವರನ್ನು ಆರಿಸಿತು.

ಉತ್ತರ: ಲೈನ್ ಪಕ್ಷಪಾತಿ

ಮೇಲಿನ ಲೆಕ್ಕ ಸರಿ, ಆದರೆ ಉಳಿಸಿದ ಹಣ ಎಲ್ಲಿಗೆ ಹೋಗಬೇಕೆಂಬುದೇ ನಿಜವಾದ ಪ್ರಶ್ನೆ. 2021ರ ಸೂಪರ್ ಬೌಲ್‌ನಲ್ಲಿ ಹಿಲ್ ಚೀಫ್ಸ್‌ನಲ್ಲೇ ಇದ್ದರು. ಆದರೆ ಕ್ವಾರ್ಟರ್‌ಬ್ಯಾಕನ್ನು ಕಾಯುವ ಐವರ ಮುಂಚೂಣಿ ಸಾಲಿನ (ಲೈನ್) ಎರಡು ತುದಿಯ ಟ್ಯಾಕಲ್‌ಗಳಿಬ್ಬರೂ ಗಾಯಗೊಂಡು ಹೊರಗುಳಿದಿದ್ದರಿಂದ ಮಹೋಮ್ಸ್ ಚೆಂಡನ್ನು ಹಿಡಿದು ಹಿಂದಕ್ಕೆ, ಪಕ್ಕಕ್ಕೆ ಓಡುವುದರಲ್ಲೇ ಸಂಜೆ ಕಳೆದರು, ತಂಡ 31-9ರಿಂದ ಸೋತಿತು. ಮುಂದಿನ ಋತುವಿಗೆ ಲೈನಿನ ಐವರೂ ಹೊಸಬರು. ಅವರಲ್ಲಿ ಟ್ರೇ ಸ್ಮಿತ್ ಆರನೆಯ ಸುತ್ತಿನ ಆಯ್ಕೆ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಇತಿಹಾಸಕ್ಕೆ ಅಂಜಿ ಉಳಿದ ತಂಡಗಳು ಅವರನ್ನು ಬಿಟ್ಟಿದ್ದವು.

2025ರಲ್ಲಿ ಅದೇ ಚೀಫ್ಸ್ ಫಿಲಡೆಲ್ಫಿಯಾ ಈಗಲ್ಸ್ ಎದುರು 40-22ರಿಂದ ಸೋತಾಗ ಮಹೋಮ್ಸ್ ಆರು ಬಾರಿ ನೆಲಕ್ಕುರುಳಿದರು. ಅವರನ್ನು ಕಾಡಿದ ರಕ್ಷಣಾ ಲೈನಿನ ಸ್ವೆಟ್, ಮಿಲ್ಟನ್ ವಿಲಿಯಮ್ಸ್, ಕಾರ್ಟರ್ ಮೂವರೂ ಈಗಲ್ಸ್ ತಾನೇ ಡ್ರಾಫ್ಟ್ ಮಾಡಿ ಬೆಳೆಸಿದವರು. ರಿಸೀವರ್‌ಗಳ ಬಗ್ಗೆ ಟಿವಿಯವರಿಗೆ ಇರುವ ಮೋಹ ನನಗಂತೂ ಇಲ್ಲ.

ಉತ್ತರ: ರ‍್ಯಾಮ್ಸ್ ಅಭಿಮಾನಿ

ಡ್ರಾಫ್ಟ್ ಒಂದೇ ದಾರಿ ಎಂಬಂತೆ ಮಾತಾಡುತ್ತಿದ್ದೀರಿ. ಲಾಸ್ ಏಂಜಲಿಸ್ ರ‍್ಯಾಮ್ಸ್ 2017ರಿಂದ 2023ರವರೆಗೆ ಮೊದಲ ಸುತ್ತಿನಲ್ಲಿ ಒಬ್ಬರನ್ನೂ ಆರಿಸಲಿಲ್ಲ. ಕ್ವಾರ್ಟರ್‌ಬ್ಯಾಕ್ ಸ್ಟಾಫರ್ಡ್ ಅವರಿಗಾಗಿ ಡೆಟ್ರಾಯಿಟ್‌ಗೆ ಎರಡು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತು, 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು.

ಉತ್ತರ: ಲೈನ್ ಪಕ್ಷಪಾತಿ

ಒಪ್ಪುತ್ತೇನೆ, ಆದರೆ ಆ ತಂಡದ ಆಧಾರವಾಗಿದ್ದ ರಕ್ಷಣಾ ಲೈನಿನ ಆರನ್ ಡೊನಾಲ್ಡ್ 2014ರ ಮೊದಲ ಸುತ್ತಿನಲ್ಲೂ ರಿಸೀವರ್ ಕೂಪರ್ ಕಪ್ 2017ರ ಮೂರನೆಯ ಸುತ್ತಿನಲ್ಲೂ ಅವರಿಗೆ ದಕ್ಕಿದವರು. ಗೆದ್ದ ಮರುಋತುವಿನಲ್ಲೇ ರ‍್ಯಾಮ್ಸ್ 12 ಪಂದ್ಯ ಸೋತು ಐದರಲ್ಲಷ್ಟೇ ಗೆದ್ದಿತು.