ಮೆಂಡೆಲ್ಸನ್ ಸಂಗೀತದಲ್ಲಿ ‘ಯೆಹೂದಿತನ’ ನಿಜವಾಗಿ ಕೇಳಿಸುತ್ತಾ?

ನಾಲ್ಕುತಂತಿ:
ಜರ್ಮನ್ ಸಂಗೀತಗಾರ ಮೆಂಡೆಲ್ಸನ್ ಅವರ ಇ ಮೈನರ್ ವಯಲಿನ್ ಕನ್ಸರ್ಟೊ (ವಯಲಿನ್ ಮತ್ತು ವಾದ್ಯವೃಂದದ ಕೃತಿ) ಅಭ್ಯಾಸ ಮಾಡುತ್ತಿದ್ದೇನೆ. ಅದರ ಶುರುವಿನ ಧಾಟಿಯಲ್ಲೇ ‘ಯೆಹೂದಿ ನೋವು’ ಇದೆ ಅಂತ ಒಂದು ಸಿ.ಡಿ. ಟಿಪ್ಪಣಿಯಲ್ಲಿ ಓದಿದೆ. ಹೊಗಳಿ ಬರೆದದ್ದೇ, ಆದರೂ ಕಿರಿಕಿರಿ ಆಯಿತು. ಯೆಹೂದಿ ಮನೆಯಲ್ಲಿ ಹುಟ್ಟಿದರೂ ಏಳನೇ ವಯಸ್ಸಿಗೇ ಅವರಿಗೆ ಕ್ರೈಸ್ತ ದೀಕ್ಷೆ ಆಗಿತ್ತು. 1829ರಲ್ಲಿ ಬರ್ಲಿನ್‌ನಲ್ಲಿ ಬಾಖ್‌ನ ಮ್ಯಾಥ್ಯೂ ಪ್ಯಾಶನ್ ಅನ್ನುವ ಕ್ರೈಸ್ತ ಗಾಯನ ಕೃತಿಗೆ ಮತ್ತೆ ಜೀವ ಕೊಟ್ಟವರೂ ಅವರೇ. ನಿಮಗೆ ಆ ನೋವು ಕೇಳಿಸುತ್ತಾ?

ಹಳೇರೆಕಾರ್ಡು:
ನನಗಂತೂ ಇಲ್ಲ. ಹುಟ್ಟು ಸಂಗೀತದಲ್ಲಿ ಗೊತ್ತಾಗುತ್ತದೆ ಅಂತ ಗಟ್ಟಿಯಾಗಿ ವಾದಿಸಿದವರು ಜರ್ಮನ್ ಒಪೆರಾ ರಚನೆಕಾರ ವಾಗ್ನರ್. 1850ರಲ್ಲಿ ಒಂದು ಲೇಖನ ಬರೆದು, ಅದೂ ಸುಳ್ಳು ಹೆಸರಿನಲ್ಲಿ. ಮೆಂಡೆಲ್ಸನ್ ತೀರಿಕೊಂಡು ಮೂರು ವರ್ಷ ಆಗಿತ್ತು, ತಿರುಗಿ ಉತ್ತರ ಕೊಡಲು ಅವರಿರಲಿಲ್ಲ. ಅವರಿಗೆ ಪ್ರತಿಭೆ ಇದೆ, ಆದರೆ ಎದೆ ಮುಟ್ಟಲು ಆಗಲ್ಲ, ಯಾಕೆಂದರೆ ಯೆಹೂದಿ – ಇದು ವಾದ. ಇದೇ ವಾಗ್ನರ್‌ರ ‘ರಿಯೆಂಜಿ’ ಒಪೆರಾ ಡ್ರೆಸ್ಡೆನ್‌ನಲ್ಲಿ ರಂಗಕ್ಕೆ ಬರಲು ಶಿಫಾರಸು ಮಾಡಿದ್ದು ಮೇಯರ್‌ಬೇರ್ ಅನ್ನುವ ಯೆಹೂದಿ ಸಂಗೀತಗಾರ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ಅಲ್ವಾ? 1869ರಲ್ಲಿ ವಾಗ್ನರ್ ಸ್ವಂತ ಹೆಸರು ಹಾಕಿಯೇ ಆ ಲೇಖನವನ್ನು ಮತ್ತೆ ಅಚ್ಚು ಮಾಡಿಸಿದರು.

ನಾಜಿಗಳನ್ನು ನೋಡಿ. 1936ರಲ್ಲಿ ಲೈಪ್‌ಜಿಗ್‌ನಲ್ಲಿದ್ದ ಮೆಂಡೆಲ್ಸನ್ ಪ್ರತಿಮೆ ಕಿತ್ತರು. 1940ರಲ್ಲಿ ಸಂಗೀತದಲ್ಲಿರುವ ಯೆಹೂದಿಗಳ ಹೆಸರಿನ ಒಂದು ಕೋಶವನ್ನೇ ಹೊರತಂದರು. ಕೇಳಿದರೆ ಗೊತ್ತಾಗುವ ಹಾಗಿದ್ದರೆ ಆ ಪುಸ್ತಕ ಯಾಕೆ ಬೇಕಿತ್ತು? ಇನ್ನೂ ಮಜಾ ಅಂದರೆ ವಾಲ್ಟ್ಜ್ ಅನ್ನುವ ನೃತ್ಯ ಸಂಗೀತದ ರಾಜ ಯೋಹಾನ್ ಸ್ಟ್ರೌಸ್. ಅವರ ಮುತ್ತಜ್ಜ ಮತಾಂತರಗೊಂಡ ಯೆಹೂದಿ. ಗೊತ್ತಾದದ್ದು ವಿಯೆನ್ನಾದ ಚರ್ಚಿನ ಮದುವೆ ದಾಖಲೆಯಿಂದ, ಯಾರ ಕಿವಿಯಿಂದಲೂ ಅಲ್ಲ. ನಾಜಿಗಳಿಗೆ ವಾಲ್ಟ್ಜ್ ಬಿಡಲು ಮನಸ್ಸಿಲ್ಲ, ಹಾಗಾಗಿ ದಾಖಲೆಯನ್ನೇ ತಿದ್ದಿದರು!

ಗುಸ್ತಾವಪ್ರಿಯ:
ಸ್ವಲ್ಪ ಜಾಸ್ತಿ ಆಯಿತು ಅನ್ಸುತ್ತೆ. ಯೆಹೂದಿ ಮನೆಯಲ್ಲಿ ಹುಟ್ಟಿದ ಸಂಗೀತಗಾರ ಮಾಹ್ಲರ್‌ರ ಮೊದಲ ಸಿಂಫನಿಯ ಮೂರನೇ ಭಾಗ ಕೇಳಿ. ಶವಯಾತ್ರೆಯ ನಡುವೆ ಬೀದಿ ವಾದ್ಯದವರು ನುಗ್ಗಿದ ಹಾಗಿದೆ. ಪೂರ್ವ ಯುರೋಪಿನ ಯೆಹೂದಿ ಮದುವೆ ಮನೆಯ ಸಂಗೀತವೇ ಅಲ್ವಾ ಅದು?

ಹಳೇರೆಕಾರ್ಡು:
ಇರಬಹುದು. ಆದರೆ ಅದು ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದು, ಪಟ್ಟಣದ ಸೈನ್ಯದ ಬ್ಯಾಂಡ್ ಬಿದ್ದ ಹಾಗೆ. ರಕ್ತಕ್ಕೂ ಅದಕ್ಕೂ ಸಂಬಂಧ ಇಲ್ಲ. ಯೆಹೂದಿ ಪ್ರಾರ್ಥನೆಯ ಧಾಟಿಯಲ್ಲಿರುವ, ಸೆಲ್ಲೊ ನುಡಿಸುವವರೆಲ್ಲ ಬಲ್ಲ ‘ಕೋಲ್ ನಿದ್ರೈ’ ಬರೆದ ಮ್ಯಾಕ್ಸ್ ಬ್ರುಖ್ ಪ್ರೊಟೆಸ್ಟೆಂಟ್. ‘ಕದ್ದಿಶ್’ ಅನ್ನುವ ಯೆಹೂದಿ ಪ್ರಾರ್ಥನೆಗೆ ಸ್ವರ ಕೂಡಿಸಿದ ಫ್ರೆಂಚ್ ಸಂಗೀತಗಾರ ರಾವೆಲ್ ಕೂಡ ಯೆಹೂದಿ ಅಲ್ಲ.

ನಾಲ್ಕುತಂತಿ:
ಮತ್ತೆ ಯೆಹೂದಿ ಸಂಗೀತಗಾರ ಅರ್ನೆಸ್ಟ್ ಬ್ಲಾಖ್? ತನ್ನ ಸಂಗೀತದಲ್ಲಿ ಯೆಹೂದಿ ಆತ್ಮ ಇದೆ ಅಂತ ಅವರೇ ಹೇಳಿಕೊಂಡಿದ್ದರಲ್ಲ?

ಹಳೇರೆಕಾರ್ಡು:
ಹೌದು. ‘ಶೆಲೊಮೊ’ ಅನ್ನುವ ಸೆಲ್ಲೊ ಕೃತಿ ಬರೆದ ಬ್ಲಾಖ್ ಹಾಗೆ ಹೇಳಿಕೊಂಡರೆ ನಾನು ಕೇಳುತ್ತೇನೆ, ಅದು ಅವರ ಹಕ್ಕು. ಮೆಂಡೆಲ್ಸನ್ ಕಥೆ ಬೇರೆ. ಅವರು ಹುಟ್ಟನ್ನು ಬಚ್ಚಿಟ್ಟವರಲ್ಲ. ಮನೆಯವರು ಆಮೇಲೆ ಸೇರಿಸಿಕೊಂಡ ‘ಬಾರ್ತೋಲ್ಡಿ’ ಅನ್ನುವ ಹೆಸರು ಸಾಕು, ಮೆಂಡೆಲ್ಸನ್ ಬಿಡು ಅಂತ ಅಪ್ಪ ಒತ್ತಾಯಿಸಿದರೂ ಬಿಡಲಿಲ್ಲ. ಆದರೆ ಆ ಕನ್ಸರ್ಟೊದಲ್ಲಿ ಯೆಹೂದಿ ನೋವು ತುಂಬಿದ್ದು ಟಿಪ್ಪಣಿ ಬರೆದವರು.