ಕೇಸು ಖುಲಾಸೆ ಆದರೂ ಪೊಲೀಸ್ ದಾಖಲೆಯಲ್ಲಿ ‘ಬಾಕಿ’ ಅಂತ ಯಾಕೆ ಬರುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ಊರ ಜಾತ್ರೆಯಲ್ಲಿ ಹೊಡೆದಾಟ ಆಗಿ ನನ್ನ ತಮ್ಮನ ಹೆಸರೂ ಎಫ್‌ಐಆರ್‌ಗೆ ಸೇರಿತ್ತು. 2019ರಲ್ಲಿ ಕೋರ್ಟು ಎಲ್ಲರನ್ನೂ ಖುಲಾಸೆ ಮಾಡಿತು. ಈಗ ಅವನಿಗೆ ಕಂಪನಿ ಕೆಲಸ ಸಿಕ್ಕಿದೆ. ಆದರೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ‘ಪ್ರಕರಣ ವಿಚಾರಣೆಯಲ್ಲಿದೆ’ ಎಂದು ಬಂದಿದೆ. ಠಾಣೆಯಲ್ಲಿ ಕೇಳಿದರೆ ‘ಬೆಂಗಳೂರು ಕಂಪ್ಯೂಟರ್‌ನಲ್ಲಿ ಹಾಗಿದೆ, ನಮ್ಮ ಕೈಲಿಲ್ಲ’ ಅಂತಾರೆ. ಎಸ್‌ಸಿಆರ್‌ಬಿಗೆ ಹೋಗಿ ಅರ್ಜಿ ಕೊಡಬೇಕಾ?

ಉತ್ತರ (ದಾಖಲೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ಪೊಲೀಸ್ ಅಧಿಕಾರಿ): ಬೆಂಗಳೂರಿಗೆ ಈಗಲೇ ಬರಬೇಡಿ. ಅದನ್ನು ಸರಿಪಡಿಸುವ ಜಾಗ ನಿಮ್ಮ ಠಾಣೆಯೇ.

ರಾಜ್ಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎಸ್‌ಸಿಆರ್‌ಬಿ, ಎಲ್ಲಾ ಠಾಣೆಗಳ ಮಾಹಿತಿಯನ್ನು ಒಂದೆಡೆ ಸೇರಿಸಿ, ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ, ಅಂದರೆ ಎನ್‌ಸಿಆರ್‌ಬಿಗೆ ತಲುಪಿಸುತ್ತದೆ. ನಿಮ್ಮ ಕೇಸನ್ನು ಅದು ಬರೆಯುವುದಿಲ್ಲ. ಬರೆಯುವುದು ಠಾಣೆಯ ರೈಟರ್ ಮತ್ತು ತನಿಖಾಧಿಕಾರಿ. ನಮ್ಮ ರಾಜ್ಯದ ಠಾಣೆಗಳಲ್ಲಿ ಇದಕ್ಕೆ ‘ಪೊಲೀಸ್ ಐಟಿ’ ತಂತ್ರಾಂಶ ಇದೆ. ಅಲ್ಲಿಂದ ಮಾಹಿತಿ ದೇಶದ ಠಾಣೆಗಳನ್ನೆಲ್ಲ ಜೋಡಿಸುವ ಸಿಸಿಟಿಎನ್‌ಎಸ್ ಎಂಬ ಕಂಪ್ಯೂಟರ್ ಜಾಲಕ್ಕೆ ಹೋಗುತ್ತದೆ. 2008ರ ಮುಂಬೈ ದಾಳಿಯ ನಂತರ, 2009ರಲ್ಲಿ, ಕೇಂದ್ರ ಸರ್ಕಾರ ಮಂಜೂರು ಮಾಡಿದ ಜಾಲ ಅದು.

ಒಂದು ಕೇಸಿಗೆ ಏಳು ನಮೂನೆಗಳಿವೆ. ಮೊದಲನೆಯದು ಎಫ್‌ಐಆರ್. ಆಮೇಲೆ ಘಟನೆಯ ವಿವರ, ದಸ್ತಗಿರಿ, ಜಪ್ತಿ. ಐದನೆಯದು ಚಾರ್ಜ್‌ಶೀಟ್ ಅಥವಾ ಬಿ ರಿಪೋರ್ಟ್‌ನಂಥ (ಆರೋಪ ಹೊರಿಸದೆ ಕೇಸು ಮುಚ್ಚುವ ವರದಿ) ಅಂತಿಮ ವರದಿ. ಆರನೆಯದು ಕೋರ್ಟಿನ ತೀರ್ಪು. ಏಳನೆಯದು ಅಪೀಲಿನ ಫಲ. ಮೊದಲ ಐದನ್ನು ಪೊಲೀಸರೇ ಹುಟ್ಟಿಸುತ್ತಾರೆ, ಮೇಲಧಿಕಾರಿಗಳು ಬೆನ್ನು ಹತ್ತಿ ತುಂಬಿಸುತ್ತಾರೆ. ಆರನೆಯದು ಹಾಗಲ್ಲ. ತೀರ್ಪು ಬರುವ ಹೊತ್ತಿಗೆ ತನಿಖೆ ಮಾಡಿದವರು ವರ್ಗವಾಗಿರುತ್ತಾರೆ. ಕೋರ್ಟಿಗೆ ಹೋಗುವ ಕಾನ್‌ಸ್ಟೇಬಲ್ ಫಲಿತಾಂಶವನ್ನು ರಿಜಿಸ್ಟರ್‌ನಲ್ಲಿ ಬರೆದು, ಕಂಪ್ಯೂಟರ್‌ನಲ್ಲಿ ಹಾಗೇ ಬಿಟ್ಟರೆ ಮುಗಿಯಿತು. ಪರದೆಯ ಮೇಲೆ ನಿಮ್ಮ ತಮ್ಮ ಇನ್ನೂ ಆರೋಪಿಯೇ. ನಿಮ್ಮದರಲ್ಲೂ ಬಹುತೇಕ ಆಗಿರುವುದು ಇದೇ. ಕೋರ್ಟು ಬಿಟ್ಟ ಹುಡುಗನನ್ನು ಖಾಲಿ ಉಳಿದ ಒಂದು ನಮೂನೆ ಹಿಡಿದಿಡುವುದು ದೊಡ್ಡ ಅನ್ಯಾಯ. ನನಗೆ ಇದನ್ನು ಎಷ್ಟು ಹೇಳಿದರೂ ಸಾಲದು.

ಈಗ ಮಾಡಬೇಕಾದ್ದು. ಇ-ಕೋರ್ಟ್ಸ್ ತಾಣದಲ್ಲಿ ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿ, ‘ವಿಲೇವಾರಿ’ ಅಂತ ಇದೆಯಾ ನೋಡಿ. ಕೋರ್ಟಿನಿಂದ ತೀರ್ಪಿನ ದೃಢೀಕೃತ ನಕಲು ತೆಗೆಸಿ. ಕ್ರೈಂ ನಂಬರ್ (ಠಾಣೆಯ ಎಫ್‌ಐಆರ್ ನಂಬರ್), ಸಿಸಿ ನಂಬರ್ (ಕೋರ್ಟಿನ ಕೇಸ್ ನಂಬರ್), ತೀರ್ಪಿನ ದಿನಾಂಕ ಬರೆದು ಠಾಣಾಧಿಕಾರಿಗೆ ಅರ್ಜಿ ಕೊಡಿ. ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ. ಸುಮ್ನೆ ಬಾಯಿಮಾತಲ್ಲಿ ಹೇಳಿದರೆ ಕೆಲಸ ಆಗದು. ‘ಆಗೋದಿಲ್ಲ’ ಅಂದರೆ ಹಿಂಬರಹ ಕೇಳಿ. ನಂತರ ಅದೇ ಅರ್ಜಿಯನ್ನು ಎಸ್‌ಪಿ ಕಚೇರಿಗೆ ಕೊಡಿ, ಅಲ್ಲಿ ಜಿಲ್ಲಾ ಅಪರಾಧ ದಾಖಲೆ ಘಟಕ ಇರುತ್ತದೆ. ತಿದ್ದಿದ ಮೇಲೆ ಸೇವಾ ಸಿಂಧುವಿನಲ್ಲಿ ಹೊಸದಾಗಿ ಅರ್ಜಿ ಹಾಕಿ. ಅಷ್ಟರವರೆಗೆ ತೀರ್ಪಿನ ನಕಲನ್ನು ಕಂಪನಿಯ ಎಚ್‌ಆರ್‌ಗೆ ತೋರಿಸಲಿ. ಮುಚ್ಚಿಡುವುದು ಬೇಡ.

ಇನ್ನೊಬ್ಬ ಸದಸ್ಯೆ: ಸರ್, ಕೋರ್ಟು, ಪೊಲೀಸು ಎರಡೂ ಕಂಪ್ಯೂಟರ್ ಆಗಿವೆ ಅಲ್ವಾ? ತಾನಾಗಿ ಯಾಕೆ ಬದಲಾಗಲ್ಲ?

ಉತ್ತರ: ಆಗಬೇಕು ಅಂತಲೇ ಐಸಿಜೆಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದಿದ್ದು ಮೇಡಂ. ಪೊಲೀಸ್, ಕೋರ್ಟ್, ಜೈಲು, ಪ್ರಾಸಿಕ್ಯೂಷನ್, ವಿಧಿವಿಜ್ಞಾನ ಪ್ರಯೋಗಾಲಯ ಐದನ್ನೂ ಅದು ಜೋಡಿಸುತ್ತದೆ. ಒಬ್ಬರು ಒಮ್ಮೆ ತುಂಬಿದ್ದು ಉಳಿದವರಿಗೂ ಕಾಣಬೇಕು ಅನ್ನುವುದು ಗುರಿ. ಆದರೆ ಎರಡೂ ಕಡೆ ಠಾಣೆ, ಕ್ರೈಂ ನಂಬರ್, ವರ್ಷ ಸರಿಯಾಗಿ ಹೊಂದಬೇಕು. ಹಳೆ ಕೇಸುಗಳಲ್ಲಿ ಒಂದು ಅಂಕಿ ತಪ್ಪಿದರೂ ಕೊಂಡಿ ಕೂಡುವುದಿಲ್ಲ. ತಂತ್ರಜ್ಞಾನಕ್ಕೆ ಹಣ ಸುರಿಯುವಷ್ಟೇ ಕಾಳಜಿಯನ್ನು ಹಳೆ ದಾಖಲೆ ಹೊಂದಿಸುವ ಕೆಲಸಕ್ಕೂ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕೇಳಿದವರು: ತುಂಬಾ ಉಪಕಾರ ಆಯ್ತು ಸರ್. ಖುಲಾಸೆ ಆದಮೇಲೆ ಎಫ್‌ಐಆರ್ ಪೂರ್ತಿ ಅಳಿಸಿ ಹಾಕ್ತಾರಾ? ಅವನ ಬೆರಳಚ್ಚು ಕೂಡ ತಗೊಂಡಿದ್ದರು.

ಉತ್ತರ: ಎಫ್‌ಐಆರ್ ಅಳಿಸುವುದಿಲ್ಲ. ಖುಲಾಸೆಯಾದವರ ದಾಖಲೆ ಪೂರ್ತಿ ತೆಗೆಯುವ ಸಾಮಾನ್ಯ ಕಾನೂನು ನಮ್ಮಲ್ಲಿ ಇಲ್ಲ. ಅದರ ಮುಂದೆ ‘ಖುಲಾಸೆ’ ಎಂದು ಸರಿಯಾಗಿ ಬರೆಸುವುದೇ ನಮ್ಮ ಕೈಲಿರುವುದು. ಬೆರಳಚ್ಚಿನ ವಿಷಯ ಬೇರೆ. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಪ್ರಕಾರ ಎನ್‌ಸಿಆರ್‌ಬಿ ಬೆರಳಚ್ಚಿನಂಥ ‘ಅಳತೆ’ಗಳನ್ನು 75 ವರ್ಷ ಇಡಬಹುದು. ಆದರೆ ಹಿಂದೆ ಶಿಕ್ಷೆ ಆಗಿರದ ವ್ಯಕ್ತಿ ಎಲ್ಲಾ ಅಪೀಲು ಮುಗಿದು ಖುಲಾಸೆಯಾದರೆ, ಕೋರ್ಟು ಕಾರಣ ಬರೆದು ಬೇರೆ ಹೇಳದಿದ್ದರೆ, ನಾಶ ಮಾಡಬೇಕು. ನಿಮ್ಮ ತಮ್ಮನದು ಹಳೇ ಕಾಯ್ದೆಯ ಕಾಲದ್ದು. 1920ರ ಆ ಕಾಯ್ದೆಯೂ ಖುಲಾಸೆಯಾದವರ ಪರವಾಗಿ ಇಂಥದ್ದೇ ಮಾತು ಹೇಳುತ್ತಿತ್ತು. ಅದನ್ನೂ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ.

ಇನ್ನೊಬ್ಬ ಸದಸ್ಯರು: ನಮ್ಮ ಹುಡುಗನಿಗೆ 16 ವರ್ಷ ಇದ್ದಾಗ ಬೈಕ್ ಕಳವಿನ ಕೇಸು ಆಗಿತ್ತು. ಬಾಲ ನ್ಯಾಯ ಮಂಡಳಿಯಲ್ಲಿ ಮುಗಿದಿದೆ. ಅದೂ ವೆರಿಫಿಕೇಶನ್‌ನಲ್ಲಿ ಬರುತ್ತಾ?

ಉತ್ತರ: ಬರಬಾರದು. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಇದಕ್ಕೇ ಇದೆ. ಆ ಕೇಸಿನಿಂದ ಅವನಿಗೆ ಯಾವ ಅನರ್ಹತೆಯೂ ಬರುವುದಿಲ್ಲ. ಅಪೀಲಿನ ಅವಧಿ ಮುಗಿದ ಮೇಲೆ, ನಿಯಮದಲ್ಲಿ ಹೇಳಿದ ಸಮಯಕ್ಕೆ, ದಾಖಲೆ ನಾಶ ಮಾಡಬೇಕು. 16 ದಾಟಿದವರು ಘೋರ ಅಪರಾಧ ಮಾಡಿದ್ದು ಮಕ್ಕಳ ನ್ಯಾಯಾಲಯದಲ್ಲಿ ಸಾಬೀತಾದರೆ ಮಾತ್ರ ಬೇರೆ ನಿಯಮ. ಬೈಕ್ ಕಳವು ಅದರಲ್ಲಿ ಬರುವುದಿಲ್ಲ. ವರದಿಯಲ್ಲಿ ಅವನ ಹೆಸರು ಬಂದರೆ ಮಂಡಳಿಗೇ ಲಿಖಿತವಾಗಿ ಕೊಡಿ. ದಾಖಲೆ ನಾಶ ಮಾಡಿ ಎಂದು ಪೊಲೀಸರಿಗೆ ಆದೇಶ ಕೊಡುವ ಅಧಿಕಾರ ಮಂಡಳಿಗೆ ಇದೆ.